ಮೂವತ್ತು ಕುರಿಯ ಡಿಗ್ರಿ

ಕಣಗಲಾದಲ್ಲಿ ನಾವು ಕಟ್ಟುತ್ತಿರುವ ಗೋದಾಮಿನ ಸ್ಲ್ಯಾಬಿಗೆ ಮೊನ್ನೆ ಬೆಳಿಗ್ಗೆ ನೀರು ಹೊಡೆಯುತ್ತಿದ್ದರು. ಕಾಂಕ್ರೀಟು ಬೇಗ ಒಣಗದಿರಲೆಂದು ಹಾಸಿದ ಗೋಣಿತಟ್ಟುಗಳು ನೆನೆದು, ಬಿಸಿಲಿಗೆ ಹಬೆಯಾಡತೊಡಗಿದವು. ಒದ್ದೆ ಗೋಣಿಯ ವಾಸನೆ ನಿಮಗೆ ಹೇಗೋ ಗೊತ್ತಿಲ್ಲ, ನನಗಂತೂ ಅದು ಮಳೆಯಲ್ಲಿ ತೊಯ್ದ ಕುರಿಯ ವಾಸನೆ. ಸೈಟಿನಲ್ಲಿ ನಿಂತು ಮೂಗರಳಿಸಿ ಕುರಿ ನೆನೆಯುವ ಎಂಜಿನಿಯರು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ನಾನು ಹಾಗೆ ಮೈಮರೆತು ನಿಂತಿದ್ದಾಗಲೇ ನಮ್ಮ ಹಿರಿಯ ಗೌಂಡಿ ಬಸಪ್ಪ ಕಾಕಾ ಕರಣಿ ತೊಳೆಯುತ್ತಾ ಕೇಳಿದರು: "ಮೇಡಂ, ಮಗಳಿಗೆ ಸಿವಿಲ್ ಸೀಟ್ ಸಿಕ್ಕೈತ್ರಿ. ಬ್ಯಾಂಕಿನ್ಯಾಗ ಸಾಲಾ ತಗೀಬೇಕು. ಖರೆ ಹೇಳ್ರಿ, ಬರೋ ಪಗಾರದಾಗ ಆ ಸಾಲಾ ತೀರ್ತೈತೇನು?"

ಎಷ್ಟು ಚದರಕ್ಕೆ ಎಷ್ಟು ಚೀಲ ಸಿಮೆಂಟು ಎಂದು ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಇದಕ್ಕೆ ತಡವರಿಸಿದೆ. "ನಾಳೆ ಆಕಿನ್ನ ಕರಕೊಂಡು ಬರ್ರಿ ಕಾಕಾ" ಎಂದು ಜಾರಿಕೊಂಡೆ.

ನನ್ನ ಮನೆಯಲ್ಲಿ ಈ ಲೆಕ್ಕ ಮಾಡಿದವನು ಅಪ್ಪ. ತುಕ್ಕಾನಟ್ಟಿಯ ಕುರುಬ. ರೂಪಾಯಿ ಎಂದರೆ ಅವನಿಗೆ ಅಂದಾಜು ಹತ್ತುತ್ತಿರಲಿಲ್ಲ, ಎಲ್ಲವನ್ನೂ ಕುರಿಗೆ ತಿರುಗಿಸಬೇಕು. ನನ್ನ ಸೈಕಲ್ಲು ಅರ್ಧ ಟಗರು. ಅವ್ವನ ಹಲ್ಲು ಕೀಳಿಸಿದ್ದು ಒಂದು ಎಳೆ ಮರಿ. ಮದುವೆಗೆ ಹೋದರೆ ಊಟದ ಎಲೆಗಳನ್ನು ನೋಡಿಯೇ "ನಾಕು ಕುರಿ ಹೋದ್ವು" ಎಂದು ಗೊಣಗುತ್ತಿದ್ದ. ನಾನು ಸಿವಿಲ್ ಓದುತ್ತೇನೆ ಎಂದಾಗ ಬೇಡ ಎನ್ನಲಿಲ್ಲ, ಹೂಂ ಅನ್ನಲೂ ಇಲ್ಲ. "ಎಷ್ಟು ಕುರಿ?" ಅಂದ.

ಮೂರು ಲಕ್ಷ. ಆಗಿನ ಸಂತೆಯ ರೇಟಿಗೆ ಮೂವತ್ತು ಕುರಿ.

ಇಬ್ಬರೂ ಮೂಡಲಗಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಗೋಕಾಕದ ಬ್ಯಾಂಕಿಗೆ ಹೋದೆವು. ಅಪ್ಪ ಕಂಬಳಿಯನ್ನು ನೀಟಾಗಿ ಮಡಿಚಿ ಹೆಗಲಿಗೆ ಹಾಕಿಕೊಂಡು ಮ್ಯಾನೇಜರರ ಎದುರು ಬೀಗರಂತೆ ಕೂತ. "ಓದು ಮುಗಿಯೂತನಕ ಕಂತು ಕಟ್ಟೂದಿಲ್ರಿ ಯಜಮಾನ್ರ" ಎಂದರು ಅವರು. ಅಪ್ಪನ ಮುಖ ಅರಳಿತು. ನಮ್ಮಲ್ಲಿ ಕುರಿಯನ್ನು ಪಾಲಿಗೆ ಸಾಕಲು ಕೊಡುವ ರೂಢಿಯಿದೆ. ಹೆಣ್ಣುಕುರಿ ಮೊದಲ ಮರಿ ಹಾಕುವ ತನಕ ಒಡೆಯ ಏನನ್ನೂ ಕೇಳುವುದಿಲ್ಲ. ಹುಟ್ಟಿದ ಮೇಲೆ ಮರಿಗಳಲ್ಲಿ ಪಾಲು. "ಪಾಲಿನ ಕುರಿ ಇದ್ದಂಗ ಐತಿ ಬಿಡು ಯವ್ವಾ, ಬ್ಯಾಂಕಿನಾವ್ರು ನಮ್ಮಂಥಾ ಮಂದಿನ" ಎಂದು ದಾರಿಯುದ್ದಕ್ಕೂ ಖುಷಿಪಟ್ಟ. ಕಾಗದ ಓದಿ ಸಹಿ ಹಾಕಿದ ಜಾಣೆ ನಾನೂ ಹಾಗೆಯೇ ನಂಬಿದ್ದೆ, ನಗಬೇಡಿ.

ಓದು ಮುಗಿಸಿ ಬಂದಾಗ ಸಾಲ ಮೂರು ಲಕ್ಷ ತೊಂಬತ್ತು ಸಾವಿರವಾಗಿತ್ತು. ಕಂತು ಇರಲಿಲ್ಲ, ನಿಜ. ಬಡ್ಡಿ ಮಾತ್ರ ನಾಲ್ಕೂ ವರ್ಷ ನನ್ನ ಜೊತೆಗೇ ಓದಿತ್ತು.

"ಮ್ಯಾಲಿನ ಒಂಬತ್ತು ಕುರಿ ಎಲ್ಲಿಂದ ಬಂದ್ವು?" ಎಂದು ಅಪ್ಪ ಕೇಳಿದ.

ಕೆಲಸ ಸಿಕ್ಕಿದ್ದು ಹತ್ತರಗಿಯ ಹತ್ತಿರ, ಹೆದ್ದಾರಿಯಡಿ ದನಕರು ದಾಟಲು ಕಟ್ಟುತ್ತಿದ್ದ ಅಂಡರ್‌ಪಾಸಿನಲ್ಲಿ. ಪಗಾರ ಹದಿನಾಲ್ಕು ಸಾವಿರ, ಕಂತು ಆರೂವರೆ. ಹುಕ್ಕೇರಿಯ ಬಾಡಿಗೆ ಕೋಣೆಯಲ್ಲಿ ಕೂತು ನೋಟುಬುಕ್ಕಿನ ಎಡಪುಟದಲ್ಲಿ ಸಾಲ, ಬಲಪುಟದಲ್ಲಿ ಗಳಿಕೆ ಬರೆದೆ. ಬಾಡಿಗೆ, ಊಟ, ಬಸ್ಸು ಎಲ್ಲ ಕಳೆದು ತಿಂಗಳಿಗೆ ಎಂಟುನೂರು ಉಳಿಯಿತು. ಕುರಿ ಕಾಯ್ದಿದ್ದರೇ ಲಾಭವಿತ್ತೆಂದು ಕೆಳಗೆ ಷರಾ ಬರೆದು ಎರಡು ಗೆರೆ ಎಳೆದೆ. ಫೋನಿನಲ್ಲಿ ನನ್ನ ದನಿ ಕೇಳಿಯೇ ಅಪ್ಪನಿಗೆ ಎಲ್ಲ ತಿಳಿಯಿತು. ಹಿಂಡಿನ ಐವತ್ತೆರಡು ಕುರಿಗಳಲ್ಲಿ ಮೂವತ್ತೊಂಬತ್ತು ಮಾರಿ ಸಾಲ ತೀರಿಸುವುದೆಂದು ಠರಾಯಿಸಿದ. ಸೋಮವಾರ ವ್ಯಾಪಾರಿ ಬರುವವನಿದ್ದ. ಉಳಿಯುವ ಹದಿಮೂರು ಕುರಿಯನ್ನು ಗೊಬ್ಬರಕ್ಕೆಂದು ಹೊಲದಲ್ಲಿ ತರುಬಿ ಕೂಡಿಹಾಕಲು ಯಾರು ಕರೆಯುತ್ತಾರೆ? ನನ್ನ ಓದು ಅಪ್ಪನ ಬದುಕನ್ನೇ ತಿಂದಿತೆಂದು ಅತ್ತುಬಿಟ್ಟೆ.

ಶನಿವಾರ ಮಧ್ಯಾಹ್ನ ಅಪ್ಪ ಸೈಟಿಗೇ ಬಂದ, ಹಿಂದೆ ಐವತ್ತೆರಡೂ ಕುರಿ. ಹೆದ್ದಾರಿಯಾಚೆಯ ಹೊಲಕ್ಕೆ ತರುಬಲು ಹೊರಟಿದ್ದ. ಅಂಡರ್‌ಪಾಸು ಆ ವಾರವಷ್ಟೇ ತೆರೆದಿತ್ತು. ಮುಂದಿನ ಟಗರು ಅದರ ಬಾಯಲ್ಲಿ ನಿಂತು ಮೂಸಿತು, ನನ್ನನ್ನು ಒಮ್ಮೆ ನೋಡಿತು, ಒಳಗೆ ನಡೆಯಿತು. ಅದರ ಹಿಂದೆ ಇಡೀ ಹಿಂಡು ಬ್ಯಾ ಎನ್ನುತ್ತಾ ನುಗ್ಗಿತು. ಮೇಲೆ ಲಾರಿಗಳು ಗುಡುಗುಡು ಓಡುತ್ತಿದ್ದವು. ಆಚೆ ಬದಿಯಲ್ಲಿ ಅಪ್ಪ ಎಣಿಸಿದ. ಮತ್ತೊಮ್ಮೆ ಎಣಿಸಿದ.

"ಪ್ರತಿ ವರ್ಷಾ ಈ ರೋಡ್ ದಾಟೂಮುಂದ ಎರಡು ಮೂರು ಲಾರಿಗಿ ಹೋಗ್ತಿದ್ವು" ಅಂದ. "ಇದನ್ನ ನಿನ್ನ ಬುಕ್ಕಿನ್ಯಾಗ ಯಾವ ಕಡೆ ಬರದೀ?"

ನಾನು ಬರೆದೇ ಇರಲಿಲ್ಲ.

"ಮೊದಲ್ನೇ ಸೂಲಿನಾಗ ಒಂದ ಮರಿ ಹಾಕಿತು ಅಂತ ಕುರಿ ಮಾರ್ತಾರೇನ ಹುಚ್ಚಿ? ಕಂತು ನೀ ಕಟ್ಟು. ವ್ಯಾಪಾರಿಗೆ ಬರಬ್ಯಾಡ ಅಂತೀನಿ."

ನನಗಾದ ಸಂತೋಷಕ್ಕೆ ಹೆಲ್ಮೆಟ್ಟು ಹಾಕಿಕೊಂಡೇ ಅಪ್ಪನನ್ನು ಅಪ್ಪಿಕೊಂಡೆ, ಅವನ ಹಣೆಗೆ ಬಡಿಯಿತು. ಏಳು ವರ್ಷ ಕಂತು ಕಟ್ಟಿದೆ. ಪಗಾರ ಕುಂಟುತ್ತಾ ಏರಿತು, ಹೊಸ ಚಪ್ಪಲಿಗೂ ಯೋಚಿಸಿದ ತಿಂಗಳುಗಳಿದ್ದವು. ಕೊನೆಯ ಕಂತು ಹೋದ ವರ್ಷ ಮುಗಿಯಿತು.

ಮರುದಿನ ಕಾಕಾ ಮಗಳನ್ನು ಕರೆತಂದರು. ಎರಡು ಜಡೆಯ ಚುರುಕು ಹುಡುಗಿ. ಏನನ್ನೂ ಮುಚ್ಚಿಡದೆ ಹೇಳಿದೆ: ಓದುವಾಗಲೂ ಬಡ್ಡಿ ಬೆಳೆಯುತ್ತದೆ, ಕೈಲಾದರೆ ಆಗಾಗ ಅದಷ್ಟನ್ನಾದರೂ ಕಟ್ಟು, ಮೊದಲ ಪಗಾರ ನೋಡಿ ಎದೆ ಒಡೆದುಕೊಳ್ಳಬೇಡ. ಅವಳು ಬೆರಳು ಮಡಚಿ ಏನೋ ಎಣಿಸಿ, "ಅಪ್ಪಾ, ಸಾಲಾ ನೀ ಹಾಕೋ ಹನ್ನೆರಡು ಸ್ಲ್ಯಾಬಿನ ಕೂಲಿಯಷ್ಟು ಆಗ್ತೈತಿ" ಅಂದಳು. ಕಾಕಾ ಮೇಲೆ ನೀರು ಕುಡಿಯುತ್ತಿದ್ದ ಸ್ಲ್ಯಾಬನ್ನು ನೋಡಿ, "ಹನ್ನೆರಡೇನ? ಹಾಕೂಣು ತಗೋ" ಎಂದು ನಕ್ಕರು.

ಸಂಜೆ ಕೋಣೆಗೆ ಬಂದು ಆ ಹಳೆಯ ನೋಟುಬುಕ್ಕು ಹುಡುಕಿದೆ. ಎರಡು ಗೆರೆ ಎಳೆದ ಷರಾವನ್ನು ಹೊಡೆದುಹಾಕಿ, ಬಲಪುಟದಲ್ಲಿ ಬರೆದೆ: ಹತ್ತರಗಿ ಅಂಡರ್‌ಪಾಸು, ಐವತ್ತೆರಡು ಕುರಿ, ಎಲ್ಲವೂ ದಾಟಿದವು.