ಮನೆ ಚಿತ್ರದ ಗುಂಡಿ

ಟೇಲರಮ್ಮನ ಎಡಗೈ ಕೈಕೊಟ್ಟಿದ್ದು ಶಾಲೆಗಳು ಶುರುವಾಗುವ ಮುಂಚಿನ ವಾರ. ಅಂಗಡಿ ತುಂಬ ಯೂನಿಫಾರ್ಮಿನ ಬಟ್ಟೆ. ಕಾಲರ್ ಮಡಚುತ್ತಿದ್ದ ಹಾಗೇ ಬೆರಳು ಸಡಿಲಾಗಿ ಬಟ್ಟೆ ಜಾರಿಬಿತ್ತು. ಸಣ್ಣ ಪಾರ್ಶ್ವವಾಯು ಎಂದರು ಡಾಕ್ಟರು. ಕಾಲು ಉಳಿಯಿತು, ಮಾತು ಉಳಿಯಿತು. ಎಡಗೈ ಹೆಬ್ಬೆರಳು ಮಾತ್ರ ಹೇಳಿದ ಮಾತು ಕೇಳದಾಯಿತು.

ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಹಿಸುಕಲು ಕೊಟ್ಟ ಮೆತ್ತನೆಯ ಚೆಂಡು ಎರಡೇ ವಾರಕ್ಕೆ ಮೂಲೆ ಸೇರಿತು. ಹಾಗಾದರೆ ವಿಡಿಯೋ ಗೇಮ್ ಆಡಿ, ಅದರಿಂದಲೂ ಬೆರಳು ಪಳಗುತ್ತದೆ ಎಂದರು ಅವರು. ಟಿವಿ ರಿಪೇರಿ ಮಾಡುವ ತಮ್ಮ ಮಾರನೆಯ ದಿನವೇ ಒಂದು ಗೇಮ್ ಪೆಟ್ಟಿಗೆ ತಂದು ಅಕ್ಕನ ಟಿವಿಗೆ ಸಿಕ್ಕಿಸಿದ. ಆಟ ಸುಲಭದ್ದೇ. ಪುಟ್ಟ ದೋಣಿಯೊಂದನ್ನು ಬಂಡೆಗಳ ನಡುವೆ ನಡೆಸಿ ದಡ ಮುಟ್ಟಿಸಬೇಕು.

ತೊಂದರೆ ಇದ್ದದ್ದು ಕೈಯಲ್ಲಿ ಹಿಡಿಯುವ ರಿಮೋಟಿನಲ್ಲಿ. ದೋಣಿ ತಿರುಗಿಸುವ ಕಡ್ಡಿಯ ಪಕ್ಕಕ್ಕೇ, ಕೂದಲೆಳೆಯಷ್ಟು ಜಾಗ ಬಿಟ್ಟು, ಮನೆ ಚಿತ್ರದ ಒಂದು ಗುಂಡಿ. ಹೆಬ್ಬೆರಳು ಚೂರು ಜಾರಿದರೆ ಆಟ ನಿಂತು, ಹೊರಗೆ ಹೋಗಬೇಕೇ ಎಂಬ ಪ್ರಶ್ನೆ ಬರುತ್ತಿತ್ತು. ಆಯ್ಕೆ ತೋರಿಸುವ ಬೆಳಕು ಮೊದಲೇ 'ಹೌದು' ಮೇಲೆ ಕೂತಿರುತ್ತಿತ್ತು. ಗಾಬರಿಯಲ್ಲಿ ಒತ್ತಿದರೆ ದಾಟಿ ಬಂದ ದೂರವೆಲ್ಲ ನೀರುಪಾಲು. ಅದು ಸಾಲದೆಂಬಂತೆ, ಅವಳು ಬೆರಳನ್ನು ಜಾಗದಲ್ಲಿ ಕೂರಿಸಿಕೊಳ್ಳುವಷ್ಟರಲ್ಲಿ ಪೆಟ್ಟಿಗೆಯು, ಎದುರಿಗೆ ಯಾರೂ ಇಲ್ಲವೆಂದುಕೊಂಡು, ಪರದೆಯನ್ನೇ ಮಂಕು ಮಾಡಿಬಿಡುತ್ತಿತ್ತು.

"ಇಲ್ಲೇ ಇದ್ದೀನಪ್ಪಾ," ಎಂದು ಅವಳು ಟಿವಿಗೆ ಹೇಳಿದ್ದನ್ನು ತಮ್ಮ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ನಗು ಬಂದರೂ ನುಂಗಿಕೊಂಡ.

ಇಪ್ಪತ್ತೆಂಟು ವರ್ಷ ಗುಂಡಿ ಹೊಲಿದವಳು ಅವಳು. ತಪ್ಪು ಜಾಗದಲ್ಲಿ ಬಿದ್ದ ಗುಂಡಿ ಕಿತ್ತು ಬೇರೆ ಕಡೆ ಹಾಕುವುದು ಎರಡು ನಿಮಿಷದ ಕೆಲಸ. ಮೆಷಿನ್ನಿನ ಪೆಡಲ್ ಕಾಲಿಗೆ ಎಟುಕದಿದ್ದಾಗ ಮರದ ತುಂಡು ಕಟ್ಟಿ ಸರಿಮಾಡಿಕೊಂಡಿದ್ದಳು. ಇದಕ್ಕೂ ಹಾಗೇ ಗುಂಡಿಯ ಮೇಲೆ ದಪ್ಪ ಬಟ್ಟೆ ಅಂಟಿಸಿ ನೋಡಿದಳು. ಬಟ್ಟೆಯ ಬಿಗಿತಕ್ಕೇ ಗುಂಡಿ ಒಳಗೆ ಕೂತು, ಆಟ ಶುರುವಾಗುವುದೇ ನಿಂತುಹೋಯಿತು.

"ಬಿಚ್ಚಿ ಆ ಗುಂಡಿ ತೆಗೆದುಬಿಡೋ," ಎಂದಳು ತಮ್ಮನಿಗೆ.

"ಆಗಲ್ಲಕ್ಕಾ. ಪೆಟ್ಟಿಗೆ ಆನ್ ಆಗೋದೇ ಅದರಿಂದ."

"ಹೋಗಲಿ, 'ಬೇಡ' ಅನ್ನೋದು ಮೊದಲು ಬರೋ ಹಾಗಾದ್ರೂ ಮಾಡು."

"ಅದು ಕಂಪನಿಯವರು ಒಳಗೇ ಬರೆದಿಟ್ಟಿರೋದು. ನನ್ನ ಕೈಲಿಲ್ಲ."

ಅಕ್ಕನ ಸಮಾಧಾನಕ್ಕೆ ಅವನು ಕಂಪನಿಗೆ ಬರೆದ. ನಿಮ್ಮ ಸಲಹೆ ತಲುಪಿದೆ, ಧನ್ಯವಾದ ಎಂಬ ಎರಡು ಸಾಲು ಬಂತು. ಆಮೇಲೆ ಸುದ್ದಿಯೇ ಇಲ್ಲ.

ಬೇರೆ ದಾರಿ ಕಾಣದೆ ಅವಳೇ ಬಗ್ಗಿದಳು. ರಿಮೋಟನ್ನು ತೊಡೆಗೆ ಒತ್ತಿಹಿಡಿದು ಹೆಬ್ಬೆರಳಿನ ಅಂಚಿನಿಂದ ಕಡ್ಡಿ ತಳ್ಳುವುದನ್ನು ಕಲಿತಳು. ಪ್ರಶ್ನೆ ಬಂದರೆ ಎರಡು ಕೈಯನ್ನೂ ಎತ್ತಿ, ಒಮ್ಮೆ ಉಸಿರು ಬಿಟ್ಟು, ಆಮೇಲೆ 'ಬೇಡ' ಹುಡುಕುತ್ತಿದ್ದಳು. ಪರದೆ ಮಂಕಾಗುವ ಮುಂಚೆ ಬಲಗೈಯಿಂದ ಏನಾದರೊಂದು ಒತ್ತಿ, ತಾನಿದ್ದೇನೆಂದು ತೋರಿಸುತ್ತಿದ್ದಳು. ಮೂರು ತಿಂಗಳಿಗೆ ಇದೆಲ್ಲ ಎಷ್ಟು ರೂಢಿಯಾಯಿತೆಂದರೆ, ಸಿಟ್ಟು ಬರುವುದನ್ನೇ ಮರೆತಳು. ಒಂದು ಮಧ್ಯಾಹ್ನ ದೋಣಿ ದಡವನ್ನೂ ಮುಟ್ಟಿತು. ಹೇಳಿಕೊಳ್ಳಲು ಹತ್ತಿರ ಯಾರೂ ಇರಲಿಲ್ಲ.

ಅಷ್ಟರಲ್ಲಿ ಎಡಗೈ ನೀರಿನ ಲೋಟ ಹಿಡಿಯುವಂತಾಗಿತ್ತು. ಡಾಕ್ಟರಮ್ಮ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿ, ಇನ್ನು ಇದಕ್ಕಿಂತ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ಮೆಲ್ಲಗೆ ಹೇಳಿದರು. ಕಾಲರ್ ಹಿಡಿಯುವಷ್ಟು ಆಗುವುದಿಲ್ಲವೇ ಎಂದು ಕೇಳಿದಳು. ಅವರು ಇಲ್ಲವೆನ್ನುವಂತೆ ತಲೆಯಾಡಿಸಿದರು.

ಅಂಗಡಿಗೆ ಬರುವ ಬಟ್ಟೆಯನ್ನೆಲ್ಲ ಪಕ್ಕದ ಬೀದಿಯ ಟೇಲರ್ ಒಬ್ಬಳು ಹೊಲಿಯಲು ಒಯ್ಯುತ್ತಾಳೆ. ಅಳತೆ ತೆಗೆಯುವ ಕೆಲಸ ಮಾತ್ರ ಈಗಲೂ ಟೇಲರಮ್ಮನದೇ. ಟೇಪಿನ ಇನ್ನೊಂದು ತುದಿಯನ್ನು ಗಿರಾಕಿಗಳೇ ಹಿಡಿದುಕೊಳ್ಳುತ್ತಾರೆ.