ಮೂಗಣ್ಣನ ಮೂಗು

ಕಾರ್ಖಾನೆಯಲ್ಲಿ ನನ್ನ ಭಾವನನ್ನು ಯಾರಾದರೂ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಮ್ಯಾನೇಜರರಿಂದ ಹಿಡಿದು ನೆಲ ತೊಳೆಯುವವಳ ತನಕ ಎಲ್ಲರಿಗೂ ಅವರು ಮೂಗಣ್ಣ. ಮೂಗು ನೋಡಲು ಅಂಥ ದೊಡ್ಡದೇನಲ್ಲ, ಎಲ್ಲರಿಗೂ ಇರುವಂಥದ್ದೇ. ಅದರ ಮೇಲೆ ಅವರಿಗಿದ್ದ ಜಂಬ ದೊಡ್ಡದು. ನಾನು ಅವರ ಹೆಂಡತಿಯ ತಂಗಿ, ಹಾಗಾಗಿ ಗೇಲಿ ಮಾಡುವ ಹಕ್ಕು ನನಗಿತ್ತು. "ಭಾವ, ಆ ಮೂಗಿಗೊಂದು ಬೀಗ ಹಾಕ್ಸಿ, ಯಾರಾದ್ರೂ ಕದ್ದುಕೊಂಡು ಹೋದಾರು" ಎನ್ನುತ್ತಿದ್ದೆ. ಕೊನೆಗೆ ಕಳುವಾಗಿಯೇ ಹೋಯಿತು, ಆ ಕಥೆಗೆ ಬರುತ್ತೇನೆ.

ನಮ್ಮದು ಬಟಾಣಿ, ಜೋಳ, ಕ್ಯಾರೆಟ್ಟುಗಳನ್ನು ಹೆಪ್ಪುಗಟ್ಟಿಸಿ ಪೊಟ್ಟಣ ಕಟ್ಟುವ ಕಾರ್ಖಾನೆ. ನಾನು ಪ್ಯಾಕಿಂಗ್ ಶೆಡ್ಡಿನಲ್ಲಿ ಬೆಲ್ಟಿನ ಉಸ್ತುವಾರಿ. ಎರಡೂ ಬದಿ ಹೆಂಗಸರು ಸಾಲಾಗಿ ನಿಂತು ಕೆಟ್ಟ ಕಾಳು ಆರಿಸುತ್ತಾರೆ. ನಮ್ಮ ನೆತ್ತಿಯ ಮೇಲೆಯೇ ದಪ್ಪ ಕೊಳವೆಗಳು ಹಾದುಹೋಗುತ್ತವೆ. ಅವುಗಳಲ್ಲಿ ಅಮೋನಿಯ. ಫ್ರೀಜರಿಗೆ ಚಳಿ ಹತ್ತಿಸುವುದು ಅದೇ. ಕೊಳವೆಯೊಳಗೆ ಇರುವ ತನಕ ನಮಗೆಲ್ಲ ಅನ್ನ ಕೊಡುತ್ತದೆ, ಹೊರಗೆ ಬಂತೋ ಕಣ್ಣು, ಗಂಟಲು, ಎದೆಗೂಡು ಎಲ್ಲವನ್ನೂ ಸುಡುತ್ತದೆ. ಅದು ಹೊರಗೆ ಬಾರದ ಹಾಗೆ ಕಾಯುವುದು ಭಾವನ ಕೆಲಸ.

ಮೊದಲು ಗೋಡೆಗಳ ಮೇಲೆ ಸೆನ್ಸರ್ ಡಬ್ಬಿಗಳಿದ್ದವು. ಅಮೋನಿಯದ ಸುಳಿವು ಸಿಕ್ಕರೆ ಅರಚುವುದು ಅವುಗಳ ಕೆಲಸ. ಆದರೆ ನೆಲ ತೊಳೆಯುವ ಬಿಸಿನೀರಿನ ಹಬೆ ತಾಗಿದರೂ ಅರಚಿಕೊಳ್ಳುತ್ತಿದ್ದವು. ಪ್ರತಿ ಸಲವೂ ನಾವು ಹೊರಗೆ ಓಡಬೇಕು, ಬೆಲ್ಟು ನಿಲ್ಲಬೇಕು, ಬಟಾಣಿ ಕರಗಿ ಮುದ್ದೆಯಾಗಬೇಕು, ಮ್ಯಾನೇಜರ್ ತಲೆ ಚಚ್ಚಿಕೊಳ್ಳಬೇಕು. ಹೀಗಿರುವಾಗ ಒಂದು ದಿನ ಭಾವ ವಾಲ್ವೊಂದು ಸೋರುವುದನ್ನು ಡಬ್ಬಿಗಿಂತ ಮೊದಲೇ ಮೂಸಿ ಹಿಡಿದರು. ಡಬ್ಬಿ ಬಾಯಿ ತೆರೆಯುವಷ್ಟರಲ್ಲಿ ಇವರು ವಾಲ್ವ್ ಬಿಗಿಸಿ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಮ್ಯಾನೇಜರ್ ಭೇಷ್ ಅಂದರು. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡು ಇರಬಾರದೇ? "ಈ ಡಬ್ಬಿಗಳ ಬಾಯಿ ಮುಚ್ಚಿಸಿ ಸಾರ್, ನನ್ನ ಮೂಗಿದೆಯಲ್ಲ!" ಎಂದುಬಿಟ್ಟರು, ಎಲ್ಲರೆದುರು.

ಮ್ಯಾನೇಜರಿಗೂ ಅದೇ ಬೇಕಿತ್ತು. ಡಬ್ಬಿಗಳ ವೈರು ಕಿತ್ತರು. ಅವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಲು ಬರುತ್ತಿದ್ದ ಮೆಕ್ಯಾನಿಕ್ ಬರುವುದು ನಿಂತಿತು. ಮೂಗು ಸದಾ ಕೈಗೆಟುಕುವಂತಿರಲಿ ಅಂತ ಭಾವನಿಗೆ ಕಾಂಪೌಂಡಿನೊಳಗೇ ಮನೆ ಕೊಟ್ಟರು. ಭಾವ, ಅಕ್ಕ, ಮಗಳು ಮೂವರಿಗೆ ಎರಡು ಕೋಣೆ, ಅಡುಗೆಮನೆ, ಬಟ್ಟೆ ಒಣಗಿಸಲು ಹಿತ್ತಲು. ಅಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಲ್ಲಿಂದಾಚೆ ಶೆಡ್ಡಿನಲ್ಲಿ ಎಲ್ಲಾದರೂ ಘಾಟು ಬಂದರೆ ನಾವು ಓಡುತ್ತಿರಲಿಲ್ಲ, ಮೂಗಣ್ಣನ ಮುಖ ನೋಡುತ್ತಿದ್ದೆವು. ಅವರು ಒಮ್ಮೆ ಮೂಸಿ "ಏನಿಲ್ಲ, ಕೆಲಸ ಮಾಡ್ರಮ್ಮ" ಅಂದರೆ ಮತ್ತೆ ಕಾಳು ಆರಿಸುವುದು. ಅಟ್ಟ ಹತ್ತಿಸಿ ಏಣಿ ತೆಗೆದರು ಅನ್ನುತ್ತಾರಲ್ಲ, ಇವರನ್ನು ಯಾರೂ ಹತ್ತಿಸಲಿಲ್ಲ. ತಾವೇ ಹತ್ತಿದರು, ಏಣಿಯನ್ನೂ ತಾವೇ ಒದ್ದರು.

ಆಮೇಲೊಂದು ಕೆಟ್ಟ ಜ್ವರ ಬಂತು. ಬೀದಿ ಬೀದಿಯಲ್ಲಿ ಜನ ಮಲಗಿದ ಜ್ವರ. ಭಾವನೂ ಮಲಗಿದರು, ಎದ್ದರು, ಕೆಲಸಕ್ಕೆ ಹೋದರು. ಮೂಗು ಮಾತ್ರ ಏಳಲಿಲ್ಲ.

ಇದು ನಮಗ್ಯಾರಿಗೂ ಗೊತ್ತಿರಲಿಲ್ಲ. ಭಾವನ ಸುತ್ತು ನಿಧಾನವಾದದ್ದು ಮಾತ್ರ ಕಾಣುತ್ತಿತ್ತು. ಮೊದಲು ಸೀಟಿ ಹೊಡೆಯುತ್ತ ಶೆಡ್ಡಿನ ಈ ಬಾಗಿಲಲ್ಲಿ ಬಂದು ಆ ಬಾಗಿಲಲ್ಲಿ ಹೋಗುತ್ತಿದ್ದವರು, ಈಗ ಏಣಿ ಹಾಕಿಕೊಂಡು ಕೊಳವೆಗಳ ಒಂದೊಂದು ಜೋಡಣೆಗೂ ಒದ್ದೆ ಕಾಗದದ ಚೂರು ಹಿಡಿದು ನೋಡುತ್ತಿದ್ದರು. ಅಮೋನಿಯ ತಾಗಿದರೆ ಗುಲಾಬಿ ಬಣ್ಣಕ್ಕೆ ತಿರುಗುವ ಕಾಗದ. ಯಾರಾದರೂ ನೋಡುತ್ತಿದ್ದರೆ ಥಟ್ಟನೆ ಜೇಬಿಗೆ ತುರುಕುತ್ತಿದ್ದರು. ಮೈ ಇಳಿದು ಅಂಗಿ ಜೋತಾಡುತ್ತಿತ್ತು. ರಜೆ ಹಾಕುತ್ತಿರಲಿಲ್ಲ. ರಜೆಯ ದಿನವೂ ಕಿಟಕಿಯ ಸರಳು ಹಿಡಿದು ಕಂಪ್ರೆಸರ್ ಕೋಣೆಯನ್ನೇ ನೋಡುತ್ತ ನಿಲ್ಲುತ್ತಿದ್ದರು. "ಕಾರ್ಖಾನೇನೇ ಕಟ್ಕೊಂಡಿದ್ದಾರೆ, ನಾನು ಬರೀ ಬಾಡಿಗೆಗೆ ಇದ್ದೀನಿ" ಎಂದು ಅಕ್ಕ ಗೊಣಗುತ್ತಿದ್ದಳು.

ಒಂದು ಭಾನುವಾರ ಅಕ್ಕನ ಮನೆಗೆ ಹೋದೆ. ಅವಳು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಬಾಗಿಲು ನೂಕಿದ ಕೂಡಲೇ ಗ್ಯಾಸಿನ ವಾಸನೆ ಮೂಗಿಗೆ ರಾಚಿತು. ಒಲೆಯ ಮೇಲಿಟ್ಟ ಹಾಲು ಉಕ್ಕಿ ಉರಿ ಆರಿಸಿತ್ತು, ಗ್ಯಾಸು ಬುಸುಗುಡುತ್ತಿತ್ತು. ಅದರ ಪಕ್ಕದಲ್ಲೇ ಕೂತು ಭಾವ ಈರುಳ್ಳಿ ಸುಲಿಯುತ್ತಿದ್ದರು. ನನ್ನ ಕಣ್ಣೆದುರೇ ಎದ್ದು, "ಅಯ್ಯೋ, ಒಲೆ ಆರಿಹೋಗಿದೆ" ಅನ್ನುತ್ತ ಬೆಂಕಿಪೊಟ್ಟಣ ತೆಗೆದರು.

ನಾನು ಆ ಕೈಗೆ ಹೊಡೆದ ಏಟಿಗೆ ಬೆಂಕಿಪೊಟ್ಟಣ ಗೋಡೆಗೆ ಬಡಿಯಿತು. ಒಲೆ ಮುಚ್ಚಿ ಕಿಟಕಿಗಳನ್ನು ತೆರೆದೆ. ಭಾವ ಗೋಡೆಗೆ ಒರಗಿ ಕುಸಿದರು.

"ಯಾವಾಗಿಂದ?" ಎಂದೆ.

"ಆ ಜ್ವರದಿಂದ. ಎರಡು ವರ್ಷ ಆಯ್ತು."

"ಎರಡು ವರ್ಷ! ನಾವಷ್ಟೂ ಜನ ನಿಮ್ಮ ಮೂಗು ನಂಬ್ಕೊಂಡು ಆ ಕೊಳವೆ ಕೆಳಗೆ ನಿಂತಿದ್ದೀವಿ. ಆ ಡಬ್ಬಿಗಳನ್ನ ವಾಪಸ್ ಹಾಕ್ಸೋಕೇನು ರೋಗ?"

"ಕೇಳ್ದೆ ಕಣೆ. ಮ್ಯಾನೇಜರ್ ನಕ್ಕುಬಿಟ್ರು. 'ನೀನೇ ಅಲ್ವೇನಯ್ಯ ಬೇಡ ಅಂದಿದ್ದು? ಇಂಥ ಮೂಗು ಇಟ್ಕೊಂಡು ಡಬ್ಬಿ ಕೇಳ್ತೀಯಲ್ಲ' ಅಂದ್ರು."

"ಮೂಗೇ ಹೋಗಿದೆ ಅಂತ ಹೇಳಿದ್ರಾ?"

ಭಾವ ಕೆಳಗೆ ಬಿದ್ದಿದ್ದ ಬೆಂಕಿಪೊಟ್ಟಣ ಎತ್ತಿಕೊಂಡರು. "ಹೇಳಿದ್ರೆ ಈ ಮನೆ ಹೋಗುತ್ತೆ, ಕೆಲಸ ಹೋಗುತ್ತೆ. ಹೇಳದಿದ್ರೆ ನೀವೆಲ್ಲ ಹೋಗ್ತೀರಿ. ಬೆಳಗ್ಗೆ ಎದ್ದರೆ ಇದೇ ಯೋಚನೆ, ಮಲಗಿದರೆ ಇದೇ. ಕಣ್ಣು ಉರಿದ್ರೆ ನಂಗೂ ಗೊತ್ತಾಗುತ್ತೆ, ಆದ್ರೆ ಅಷ್ಟು ಹೊತ್ತಿಗೆ ಕೈ ಮೀರಿರುತ್ತೆ." ಹಿತ್ತಲಿನ ಕಡೆ ನೋಡಿ, "ನಿಮ್ಮಕ್ಕನಿಗೆ ಹೇಳ್ಬೇಡ" ಎಂದರು.

ನನಗೆ ಅವರ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಅವರ ಕೊರಳಪಟ್ಟಿ ನೋಡಿ ಅಳುವೂ ಬಂತು. ಎರಡು ಬೆರಳು ತೂರುವಷ್ಟು ಸಡಿಲವಾಗಿತ್ತು. "ಇನ್ನೊಂದು ಭಾನುವಾರ ಬರೋದ್ರೊಳಗೆ ನೀವು ಹೇಳಿ, ಇಲ್ಲಾಂದ್ರೆ ನಾನು ಹೇಳ್ತೀನಿ" ಎಂದು ಗಡುವು ಕೊಟ್ಟು ಬಂದೆ.

ಗಡುವು ಕೊಟ್ಟವಳಿಗೆ ಸುಖವಿತ್ತೇ? ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು ನನ್ನ ಪಾಡು, ನುಂಗುವಂತಿಲ್ಲ, ಉಗುಳುವಂತಿಲ್ಲ. ಬೆಲ್ಟಿನ ಬಳಿ ನಿಂತರೆ ಕಣ್ಣು ಮೇಲಿನ ಕೊಳವೆಗಳ ಮೇಲೆಯೇ. ಎಲ್ಲರಿಗಿಂತ ಹಿರಿಯ ಕೆಲಸಗಾರ್ತಿಯನ್ನು ನಾವೆಲ್ಲ ದೊಡ್ಡಮ್ಮ ಅಂತ ಕರೆಯುತ್ತಿದ್ದೆವು. "ಏನೇ ಅದು, ಮೇಲಿಂದ ಗಂಡು ಇಳಿದು ಬರ್ತಾನೆ ಅಂತ ಕಾಯ್ತಿದ್ದೀಯಾ?" ಎಂದು ಆಕೆ ಕಿಚಾಯಿಸಿದಳು. ಎಲ್ಲರೂ ನಕ್ಕರು. ಬಾಗಿಲು ಎಲ್ಲಿದೆ, ನನಗೂ ಅದಕ್ಕೂ ನಡುವೆ ಎಷ್ಟು ಜನ ಇದ್ದಾರೆ ಎಂದು ನೋಡುವುದೇ ನನ್ನ ಕೆಲಸವಾಗಿತ್ತು.

ಭಾನುವಾರದ ತನಕ ಅಮೋನಿಯ ಕಾಯಲಿಲ್ಲ.

ಗುರುವಾರ ಊಟದ ಗಂಟೆಗೆ ಸ್ವಲ್ಪ ಮುಂಚೆ ಮೊದಲು ಸಣ್ಣಗೆ ಘಾಟು ಬಂತು. ಆಮೇಲೆ ಸಣ್ಣಗಿರಲಿಲ್ಲ. ದೊಡ್ಡಮ್ಮ ಕೆಮ್ಮಿದಳು. ಬೆಲ್ಟಿನ ಎರಡೂ ಬದಿಯ ಕೈಗಳು ನಿಂತವು. ಅಷ್ಟರಲ್ಲಿ ಭಾವ ತಮ್ಮ ಸುತ್ತಿಗೆಂದು ಒಳಗೆ ಬಂದರು. ಎಲ್ಲರ ಮುಖಗಳೂ ಸೂರ್ಯಕಾಂತಿ ಹೂವಿನಂತೆ ಅವರತ್ತ ತಿರುಗಿದವು. ಭಾವ ನಗುತ್ತ, "ಏನ್ರಮ್ಮ, ಇವತ್ತು ಬಟಾಣಿ ಮೇಲೆ ಮುನಿಸಾ?" ಎಂದು ಘಾಟಿನೊಳಗೇ ನಡೆದು ಬಂದರು. ಅವರ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಅಷ್ಟು ಸಾಕಾಯಿತು. ಒಬ್ಬೊಬ್ಬರಾಗಿ ಎಲ್ಲರೂ ಮತ್ತೆ ಕಾಳಿಗೆ ಕೈ ಹಾಕಿದರು. ಮೂಗಿಗೆ ಸೆರಗು ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ಆರಿಸುತ್ತಿದ್ದರು. ತಮ್ಮ ಮೂಗಿಗಿಂತ ಅವರಿಗೆ ಮೂಗಣ್ಣನ ಮುಖ ಹೆಚ್ಚಾಗಿತ್ತು.

ಭಾವ ಆ ಸೆರಗುಗಳನ್ನು ನೋಡಿದರು. ದೊಡ್ಡಮ್ಮನ ಕೆಂಪಾದ ಕಣ್ಣು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಗು ಇಳಿದುಹೋಯಿತು.

"ವಾಸನೆ ಬರ್ತಿದೆಯಾ?" ಎಂದರು.

ಎಲ್ಲರೂ ಕಾಳು ಆರಿಸುತ್ತಲೇ ಇದ್ದರು. ತಮಾಷೆ ಅಂದುಕೊಂಡರು. ಮೂಗಣ್ಣ ನಮ್ಮನ್ನು ಕೇಳುವುದೇ?

"ಬರ್ತಿದೆ ಭಾವ!" ಎಂದು ಕೂಗಿದೆ. "ತುಂಬಾ ಬರ್ತಿದೆ!"

"ನಂಗೆ ಬರ್ತಿಲ್ಲ," ಎಂದು ಭಾವ ಶೆಡ್ಡಿಗೆಲ್ಲ ಕೇಳುವಂತೆ ಅರಚಿದರು. "ಎರಡು ವರ್ಷದಿಂದ ನಂಗೆ ಯಾವ ವಾಸನೇನೂ ಬರಲ್ಲ! ನನ್ನ ಮುಖ ಏನ್ರೇ ನೋಡ್ತೀರಿ, ಓಡಿ!"

ಓಡಿದೆವು. ದೊಡ್ಡಮ್ಮನನ್ನು ಇಬ್ಬರು ಹೊತ್ತುಕೊಂಡು ಓಡಿದರು. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ, ಗೇಟಿನಾಚೆ ರಸ್ತೆಯ ತನಕ. ಭಾವ ಗ್ಯಾಸು ತಡೆಯುವ ಮುಖವಾಡ ಹಾಕಿಕೊಂಡು ಒಳಗೇ ಉಳಿದು ವಾಲ್ವ್ ಮುಚ್ಚಿದರು. ದೊಡ್ಡಮ್ಮ ಒಂದು ವಾರ ಆಸ್ಪತ್ರೆಯಲ್ಲಿದ್ದು ಬಂದಳು. ಭಾವ ಇನ್ನೊಂದು ಸುಳ್ಳು ನಗೆ ನಕ್ಕಿದ್ದರೆ ಎಷ್ಟು ಜನ ವಾಪಸು ಬರುತ್ತಿದ್ದರೋ ದೇವರೇ ಬಲ್ಲ.

ಎರಡು ದಿನ ಬಿಟ್ಟು ಮ್ಯಾನೇಜರ್ ನನ್ನನ್ನು ಕರೆಸಿದರು. ಸೆನ್ಸರ್ ಹಾಕಿಸುವ ಮಾತಾಡುತ್ತಾರೆ ಅಂದುಕೊಂಡು ಹೋದೆ. "ಮೊದಲು ವಾಸನೆ ಹಿಡಿದವಳು ನೀನಂತೆ. ಒಳ್ಳೇ ಮೂಗು ನಿಂದು. ನಿಮ್ಮ ಭಾವನ ಜಾಗಕ್ಕೆ ನೀನು ಬಾ. ಮನೆ ನಿನ್ನ ಹೆಸರಿಗೆ ಮಾಡ್ತೀನಿ, ಅಕ್ಕನ ಸಂಸಾರ ಅಲ್ಲೇ ಇರಲಿ" ಎಂದರು. ನಿಜಕ್ಕೂ ಉಪಕಾರ ಮಾಡುವವರ ಹಾಗೆ ಹೇಳಿದರು. ನಾಳೆ ಹೇಳುತ್ತೇನೆ ಎಂದು ಬಂದೆ.

ಅಕ್ಕನ ಮನೆಯಲ್ಲಿ ಸಾಮಾನು ಅರ್ಧ ಕಟ್ಟಿಟ್ಟಿದ್ದರು. ನಾನು ಹೇಳಿದ್ದು ಕೇಳಿ ಅಕ್ಕನ ಕಣ್ಣು ಒಂದು ಗಳಿಗೆ ಆ ಹಿತ್ತಲಿನ ಕಡೆ ಹೋಯಿತು. ಒಪ್ಪಿಕೋ ಎಂದು ಅವಳು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಭಾವ ಹಗ್ಗ ಬಿಗಿಯುತ್ತಿದ್ದವರು ತಲೆ ಎತ್ತಲಿಲ್ಲ. "ನಾನು ಹೇಳದೆ ವಿಧಿಯಿಲ್ಲ ಅನ್ನೋ ದಿನ ಬರೋ ತನಕ ಕಾದೆ," ಎಂದರು. "ನೀನು ಮೊದಲ ದಿನವೇ ಹೇಳಿಬಿಡು, ವಾಸನೆ ಬರಲ್ಲ ಅಂತ."

ಮಾರನೆಯ ದಿನ ಮ್ಯಾನೇಜರ್ ಶೆಡ್ಡಿಗೇ ಬಂದು, "ಏನಮ್ಮ, ಏನು ಯೋಚನೆ ಮಾಡ್ದೆ?" ಎಂದರು.

"ನಂಗೆ ನೆಗಡಿ ಸಾರ್. ಏನೂ ವಾಸನೆ ಬರ್ತಿಲ್ಲ."

ಅವರು ಪಕ್ಕದವಳನ್ನು ನೋಡಿದರು. "ನಂಗೂ ನೆಗಡಿ ಸಾರ್" ಎಂದಳು ಅವಳು. ನಾವು ಮಾತಾಡಿಕೊಂಡೇನೂ ಇರಲಿಲ್ಲ. ಅವಳ ಆಚೆಯವಳಿಗೂ ನೆಗಡಿ. ಹೀಗೇ ಬೆಲ್ಟಿನ ಉದ್ದಕ್ಕೂ ಹೋಯಿತು.

"ಎಲ್ಲರಿಗೂ ನೆಗಡಿನಾ?"

"ಫ್ರೀಜರ್ ಮುಂದೆ ನಿಂತವರಿಗೆ ಇನ್ನೇನು ಬರುತ್ತೆ ಸಾರ್," ಎಂದಿತು ಕೊನೆಯಿಂದ ಒಂದು ದನಿ. "ಆ ಡಬ್ಬಿಗಳಿಗೆ ನೆಗಡಿ ಆಗಲ್ಲ, ಅವನ್ನೇ ಹಾಕ್ಸಿ."

ಡಬ್ಬಿಗಳು ಬಂದವು. ಹಬೆ ತಾಗಿದರೂ ಅರಚುತ್ತವೆ, ನಾವು ಬೈದುಕೊಳ್ಳುತ್ತ ಓಡುತ್ತೇವೆ. ಭಾವನಿಗೆ ಗೇಟಿನಲ್ಲಿ ಲಾರಿ ಒಳಗೆ ಬಿಡುವ ಕೆಲಸ ಕೊಟ್ಟರು. ಮನೆ ಉಳಿಯಲಿಲ್ಲ. ಈಗಿರುವುದು ಬೇಕರಿಯೊಂದರ ಹಿಂದಿನ ಒಂದೇ ಕೋಣೆ. ಬೆಳಗಾದರೆ ರೊಟ್ಟಿ ಬೇಯುವ ಘಮಲು ಕೋಣೆ ತುಂಬುತ್ತದೆ, ಅದು ಭಾವನಿಗೆ ತಿಳಿಯುವುದಿಲ್ಲ. ಅಂಗಿ ಮಾತ್ರ ಮತ್ತೆ ಮೈಗೆ ಸರಿಯಾಗಿ ಕೂರುತ್ತಿದೆ. ಮೊನ್ನೆ ಹೋದಾಗ ನನಗೆ ಚಹಾ ಮಾಡಲು ಎದ್ದು ಒಲೆಯ ಬಳಿ ನಿಂತರು. ಬೆಂಕಿಪೊಟ್ಟಣ ಕೈಯಲ್ಲಿತ್ತು, ಕಡ್ಡಿ ಗೀರಲಿಲ್ಲ. ಓದುತ್ತ ಕೂತಿದ್ದ ಮಗಳ ಕಡೆ ತಿರುಗಿ, ನಾಚಿಕೆಯಿಲ್ಲದೆ, ಜೋರಾಗಿ ಕರೆದರು.

"ಬಾ ಮಗಳೇ, ಗ್ಯಾಸ್ ವಾಸನೆ ಬರ್ತಿದೆಯಾ ನೋಡು. ನಂಗೆ ಗೊತ್ತಾಗಲ್ಲ."