ಎಡಗಡೆ ಕಿಟಕಿಯ ಸೇತುರಾಮ

ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹತ್ತಿರದ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಶಾಮಣ್ಣನವರ ಟ್ರಾವೆಲ್ಸ್ ಆಫೀಸಿತ್ತು. ೧೯೯೨ರಲ್ಲಿ ಸೇತುರಾಮ ಅಲ್ಲಿಗೆ ಸೇರಿದ್ದು ಟೈಪಿಸ್ಟಾಗಿ. ಎರಡೇ ವರ್ಷದಲ್ಲಿ ಜಗತ್ತಿನ ರೈಲುಗಳ ಬಗ್ಗೆ ತಿಳಿದವನು ಇವನನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಅನ್ನಿಸಿಕೊಂಡ. ನಾರ್ವೆಯ ರೈಲು ಬೆಟ್ಟದ ನೆತ್ತಿಯಿಂದ ನೀರಿನಂಚಿಗೆ ಹೇಗೆ ಇಳಿಯುತ್ತದೆ, ಕೆನಡಾದಲ್ಲಿ ಗಾಜಿನ ಛಾವಣಿಯ ಬೋಗಿಯಲ್ಲಿ ಕೂತರೆ ಹಿಮ ಹೇಗೆ ತಲೆಯ ಮೇಲೇ ಬಿದ್ದಂತಾಗುತ್ತದೆ, ಎಲ್ಲವನ್ನೂ ನಿನ್ನೆ ತಾನೇ ಇಳಿದು ಬಂದವನ ಹಾಗೆ ಹೇಳುತ್ತಿದ್ದ. ನಿಜ ಏನೆಂದರೆ, ಅವನು ಆವರೆಗೆ ರೈಲು ಹತ್ತಿದ್ದು ಒಂದೇ ಸಲ. ಅರಸೀಕೆರೆಗೆ, ತನ್ನ ಮದುವೆಗೆ. ಮಿಕ್ಕದ್ದೆಲ್ಲ ಬ್ರೋಷರುಗಳ ಕೃಪೆ.

ಬಜೆಟ್ ಎಷ್ಟು ಎಂದು ಅವನು ಯಾರನ್ನೂ ಕೇಳುತ್ತಿರಲಿಲ್ಲ. ಬ್ರೋಷರ್ ಕೈಗೆ ಕೊಟ್ಟು ಸುಮ್ಮನೆ ನೋಡುತ್ತಿದ್ದ. ಚಿತ್ರಗಳನ್ನು ನಿಧಾನವಾಗಿ ತಿರುವುವವರು ಸ್ವಿಟ್ಜರ್ಲೆಂಡಿಗೆ. ಎರಡು ಚಿತ್ರ ನೋಡಿ ಗಂಡನ ಮುಖ ನೋಡುವವರು ಶಿಮ್ಲಾಕ್ಕೋ ಡಾರ್ಜಿಲಿಂಗಿಗೋ. ತೆಗೆದ ಕೂಡಲೇ ಕೊನೆಯ ಪುಟದಲ್ಲಿ ದರಪಟ್ಟಿ ಹುಡುಕುವವರು ಊಟಿಗೆ. ಅವನ ಅಂದಾಜು ಅಪರೂಪಕ್ಕೂ ತಪ್ಪುತ್ತಿರಲಿಲ್ಲ.

ಒಂದು ದಿನ ಬ್ಯಾಂಕ್ ಮ್ಯಾನೇಜರೊಬ್ಬರ ಹೆಂಡತಿ, "ಅಲ್ಲಾ, ರೈಲಲ್ಲಿ ಯಾವ ಕಡೆ ಕೂತ್ರೆ ಸೀನರಿ ಚೆನ್ನಾಗಿ ಕಾಣತ್ತೆ?" ಎಂದು ಕೇಳಿದರು. ಅದು ಯಾವ ಬ್ರೋಷರಿನಲ್ಲೂ ಇರಲಿಲ್ಲ. ಒಳಗಿನ ಟೇಬಲಿನಿಂದ ಶಾಮಣ್ಣನವರು ಕನ್ನಡಕದ ಮೇಲಿಂದ ನೋಡುತ್ತಿದ್ದರು.

"ಎಡಗಡೆ ಮೇಡಂ," ಎಂದ ಸೇತುರಾಮ.

"ಬರುವಾಗ?"

"ಬರುವಾಗ್ಲೂ ಎಡಗಡೆನೇ. ಹೋಗುವಾಗ ಬಿಟ್ಟುಹೋಗಿದ್ದು ಬರುವಾಗ ಸಿಗತ್ತೆ."

ಆಕೆ ಹೋಗಿಬಂದು ಒಂದು ಡಬ್ಬ ಚಾಕೊಲೇಟ್ ಕೊಟ್ಟರು. "ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಬಲಗಡೆಯವರನ್ನ ನೋಡಿ ಪಾಪ ಅನ್ನಿಸ್ತು!" ಅಂದಿನಿಂದ ಸೇತುರಾಮನಿಗೆ ಧೈರ್ಯ ಬಂತು. ಪೆರು, ಎಡಗಡೆ. ಸ್ಕಾಟ್‌ಲೆಂಡ್, ಎಡಗಡೆ. ಊಟಿ, ಕೇಳುವುದೇ ಬೇಡ. ಎಡಗಡೆ ಕೂತವರಿಗೆ ಬಲಗಡೆ ಏನು ತಪ್ಪಿಹೋಯಿತೆಂದು ಗೊತ್ತಾಗುತ್ತಿರಲಿಲ್ಲವಾದ್ದರಿಂದ ಮೂರು ವರ್ಷ ಒಂದೂ ದೂರು ಬರಲಿಲ್ಲ.

೧೯೯೭ರ ಬೇಸಿಗೆಯಲ್ಲಿ ಬಂದವರು ಶಂಭುಲಿಂಗಪ್ಪ. ಧಾರವಾಡದಲ್ಲಿ ಪಿಡಬ್ಲ್ಯುಡಿ ಎಂಜಿನಿಯರಾಗಿದ್ದು, ನಿವೃತ್ತರಾಗಿ ಜೆ.ಪಿ. ನಗರದಲ್ಲಿ ಮನೆ ಮಾಡಿದ್ದರು. ಜೊತೆಗೆ ಹೆಂಡತಿ ಗೌರಮ್ಮ. ಗಂಡ ಬ್ರೋಷರಿನ ಚಿತ್ರಗಳನ್ನಲ್ಲ, ಚಿತ್ರದೊಳಗಿನ ಸೇತುವೆಯ ಕಮಾನುಗಳನ್ನು ಎಣಿಸಿದರು. ಎಡಗಡೆ ಎಂಬ ಸಲಹೆಯನ್ನು ಡೈರಿಯಲ್ಲಿ ಬರೆದು, ಅಡಿಗೆರೆ ಎಳೆದುಕೊಂಡು ಸ್ವಿಟ್ಜರ್ಲೆಂಡಿಗೆ ಹೋದರು.

ಮೂರು ವಾರದ ಮೇಲೆ ಇಬ್ಬರೂ ಮತ್ತೆ ಮೆಟ್ಟಿಲು ಹತ್ತಿ ಬಂದರು. ಚಾಕೊಲೇಟ್ ಇರಲಿಲ್ಲ. ಶಂಭುಲಿಂಗಪ್ಪ ಮೇಜಿನ ಮೇಲೆ ಎರಡು ನೋಟ್‌ಬುಕ್ ಇಟ್ಟರು.

"ಎಡಕ್ಕ ಕೂಡ್ರಿ ಅಂದ್ರಿ. ಕೂತೆ. ಎಂಟ್ ತಾಸು ಏನ್ ನೋಡೀನಿ ಗೊತ್ತೇನ್ರೀ? ಗ್ವಾಡಿ!"

ಸೇತುರಾಮ ಅವರ ನೋಟ್‌ಬುಕ್ ತೆರೆದ. ದುಂಡನೆಯ ಅಕ್ಷರಗಳಲ್ಲಿ ಹೊತ್ತಿನ ಸಮೇತ ಬರೆದಿತ್ತು. '೧೦.೪೦: ಬಂಡೆ. ೧೦.೫೫: ಬಂಡೆ, ಒದ್ದೆ. ೧೧.೧೦: ತಡೆಗೋಡೆ, ಕಟ್ಟಿದ ಕೆಲಸ ಅಚ್ಚುಕಟ್ಟು. ೧೧.೩೫: ಹಸು ಇರಬಹುದು.' ಇನ್ನೊಂದು ಗೌರಮ್ಮನವರದು. ಕಾಲು ಚಾಚಲು ಜಾಗವಿದೆಯೆಂದು ಅವರು ಬಲಗಡೆ ಕೂತಿದ್ದರಂತೆ. ಅದರಲ್ಲಿ ಹಸಿರು ನೀರಿನ ಹೊಳೆಯಿತ್ತು, ಮೊಳೆಯಂಥ ಗೋಪುರದ ಚರ್ಚಿತ್ತು, ಬಾಗಿದ ಸೇತುವೆಯ ಮೇಲೆ ತಮ್ಮದೇ ರೈಲಿನ ಎಂಜಿನ್ನು ಸುರಂಗದೊಳಗೆ ನುಗ್ಗುವ ನೋಟವಿತ್ತು. ಹುಲ್ಲಿನ ಮೇಲೆ ಫೋಟೋ ತೆಗೆಸಿಕೊಳ್ಳುತ್ತಿದ್ದ ಮದುಮಗಳೂ ಇದ್ದಳು.

"ಎದ್ದು ಈ ಕಡೆ ಬರಬಹುದಿತ್ತಲ್ಲ ಸಾರ್," ಎಂದ ಸೇತುರಾಮ ಮೆಲ್ಲಗೆ.

"ನಾನೂ ಅದನ್ನ ಹೇಳಿದೆ," ಎಂದರು ಗೌರಮ್ಮ. "ಹತ್ತ್ ಸಲ ಕರದೆ. 'ಆ ಮನಷ್ಯಾ ತಿಳೀದ ಹೇಳ್ಯಾನೇನು, ಮುಂದಿನ ಸುರಂಗ ದಾಟಿದ ಮ್ಯಾಲೆ ನಮ್ಮ ಕಡೆ ಬರತೈತಿ' ಅಂತ ಕೂತಬಿಟ್ರು."

ಶಂಭುಲಿಂಗಪ್ಪ ಕಿಟಕಿಯಾಚೆ ನೋಡಿದರು. ಗೌರಮ್ಮ ಕುರ್ಚಿ ಎಳೆದುಕೊಂಡು ಕೂತು ಮೃದುವಾಗಿ ಕೇಳಿದರು, "ತಮ್ಮಾ, ನೀವು ಯಾವ್ ಯಾವ್ ರೈಲಿನ್ಯಾಗ ಕೂತೀರಿ?"

ಆ ದನಿಗೆ ಸುಳ್ಳು ಹೇಳಲು ಸೇತುರಾಮನಿಗೆ ಬಾಯಿ ಬರಲಿಲ್ಲ. "ಅರಸೀಕೆರೆ ಪ್ಯಾಸೆಂಜರ್ ಅಮ್ಮ. ಅದ್ರಲ್ಲೂ ಕೂತಿಲ್ಲ. ಬಾಳೆಗೊನೆ ಹಿಡ್ಕೊಂಡು ನಿಂತಿದ್ದೆ."

ಗೌರಮ್ಮ ನಗತೊಡಗಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಒಳಗಿದ್ದ ಶಾಮಣ್ಣನವರಿಗೆ ಮಾತ್ರ ನಗು ಬರಲಿಲ್ಲ. ಅವರು ಬಂದು ಕ್ಷಮೆ ಕೇಳಲು ಶುರು ಮಾಡಿದಾಗ ಗೌರಮ್ಮ ಕೈಯೆತ್ತಿ ತಡೆದರು.

"ಕ್ಷಮಾ ಬ್ಯಾಡ್ರೀ. ನಮ್ಮ ಮಹಿಳಾ ಮಂಡಳಿಯವರು ಊಟಿಗೆ ಹೊಂಟೀವಿ. ಇವರನ್ನ ನಮ್ಮ ಜೋಡಿ ಕಳಸ್ರಿ. ಎಲ್ಲಿ ಕೂಡಬೇಕು ಅಂತ ನಾ ಹೇಳತೀನಿ."

ಹಾಗೆ ೧೯೯೮ರ ಫೆಬ್ರವರಿಯಲ್ಲಿ ಹದಿನಾರು ಹೆಂಗಸರ ಜೊತೆ ಸೇತುರಾಮ ಊಟಿ ರೈಲು ಹೊರಡುವ ಮೆಟ್ಟುಪಾಳಯಂ ಸ್ಟೇಷನ್ನಿನಲ್ಲಿ ನಿಂತ. ಪುಟ್ಟ ನೀಲಿ ಬೋಗಿಗಳು ಸಾಲಾಗಿ ನಿಂತಿದ್ದವು. ಮುಂದಕ್ಕೆ ನಡೆದು ನೋಡಿದ. ಎಂಜಿನ್ ಇರಲಿಲ್ಲ. ಹಿಂದೆ ಹೊಗೆಯಾಡುತ್ತಿದ್ದುದು ಬೇರಾವುದೋ ಕೆಲಸಕ್ಕೆ ನಿಂತದ್ದೆಂದು ತಿಳಿದು ಗಂಭೀರವಾಗಿ ಹೇಳಿದ, "ಇನ್ನೂ ಎಂಜಿನ್ನೇ ಬಂದಿಲ್ಲ ಮೇಡಂ. ಆರಾಮಾಗಿ ಕಾಫಿ ಕುಡೀರಿ."

ಹೆಂಗಸರು ಕಾಫಿ ಹಿಡಿದರು. ಅಷ್ಟರಲ್ಲಿ ಒಂದು ಶಿಳ್ಳೆ ಕೇಳಿಸಿತು, ಎಂಜಿನ್ ಇಲ್ಲದ ರೈಲು ತನ್ನಷ್ಟಕ್ಕೆ ಮುಂದಕ್ಕೆ ಹೊರಟಿತು! ಈ ಬೆಟ್ಟದ ರೈಲನ್ನು ಎಂಜಿನ್ ಎಳೆಯುವುದಿಲ್ಲ, ಹಿಂದಿನಿಂದ ದೂಡುತ್ತದೆ. ಅದರ ಟಿಕೆಟ್ಟನ್ನು ನಾಲ್ಕು ವರ್ಷದಿಂದ ಮಾರುತ್ತಿದ್ದ ಸೇತುರಾಮನಿಗೆ ಅದು ಗೊತ್ತಿರಲಿಲ್ಲ. ಮಹಿಳಾ ಮಂಡಳಿ ಸೀರೆ ಎತ್ತಿಕಟ್ಟಿ ಓಡಿತು. ಗಾರ್ಡು ಬಾವುಟ ಬೀಸಿ ತಮಿಳಿನಲ್ಲಿ ಬೈದು ರೈಲು ನಿಲ್ಲಿಸಿದ. ಎಲ್ಲರೂ ಹತ್ತಿದ ಮೇಲೆ ಕೊನೆಗೆ ಉಳಿದ ಸೇತುರಾಮನನ್ನು ಗೌರಮ್ಮ ತೋಳು ಹಿಡಿದು ಒಳಗೆಳೆದುಕೊಂಡರು.

"ಪೆರುದಾಗ ಎಂಜಿನ್ ಎಲ್ಲಿರತೈತಿ ತಮ್ಮಾ?" ಎಂದು ಅವರು ಕೇಳಿದಾಗ ಇಡೀ ಬೋಗಿ ಗೊಳ್ಳೆಂದಿತು.

ಅಲ್ಲಿಂದ ಶಿಕ್ಷೆ ಶುರುವಾಯಿತು. ಒಂದು ಸ್ಟೇಷನ್ನಿನವರೆಗೆ ಎಡಗಡೆ, ಅಲ್ಲಿಂದ ಮುಂದಿನದಕ್ಕೆ ಬಲಗಡೆ. ಕೈಯಲ್ಲಿ ಪೆನ್ನು, ತೊಡೆಯ ಮೇಲೆ ಪುಸ್ತಕ. ಕಂಡದ್ದನ್ನೆಲ್ಲ ಬರೆಯಬೇಕು. ಸೇತುರಾಮ ಅಡಿಕೆ ತೋಟ ಬರೆದ, ಸುರಂಗ ಬರೆದ. ಎಂಜಿನ್ ನೀರು ಕುಡಿಯಲು ನಿಂತ ಸ್ಟೇಷನ್ನಿನಲ್ಲಿ ಒಂದು ಕೋತಿ ಅವನ ವಡೆಯನ್ನು ಕಿತ್ತುಕೊಂಡದ್ದನ್ನೂ ಬರೆದ. ಆಮೇಲೆ ಒಂದು ತಿರುವಿನಲ್ಲಿ ಗೋಡೆಯಂತಿದ್ದ ಬಂಡೆ ಸರಕ್ಕನೆ ಸರಿದು ಹೋಯಿತು, ಕೆಳಗೆ ಏನೂ ಇರಲಿಲ್ಲ. ಕಣಿವೆ ಎಂಬ ಪದವನ್ನು ಅವನು ನೂರಾರು ಸಲ ಟೈಪ್ ಮಾಡಿದ್ದ. ಅದಕ್ಕೆ ತಳ ಕಾಣುವುದಿಲ್ಲ ಎಂಬುದು ತಿಳಿದಿರಲಿಲ್ಲ. ದೂರದಲ್ಲಿ ದಾರದ ಎಳೆಯಂಥ ಜಲಪಾತ ಸದ್ದಿಲ್ಲದೆ ಬೀಳುತ್ತಿತ್ತು. ಅವನ ಪೆನ್ನು ನಿಂತಿತು.

"ಬರೀರಿ, ಬರೀರಿ," ಎಂದರು ಯಾರೋ.

"ಸುಮ್ನಿರ್ರಿ, ನೋಡಲಿ," ಎಂದರು ಗೌರಮ್ಮ.

ಬೆಂಗಳೂರಿಗೆ ಮರಳಿದ ವಾರವೇ ಸೇತುರಾಮ ದಪ್ಪನೆಯ ರಿಜಿಸ್ಟರ್ ತಂದ. ಪ್ರವಾಸದಿಂದ ಬಂದವರನ್ನೆಲ್ಲ ಕೂರಿಸಿ ಕೇಳತೊಡಗಿದ. ಯಾವ ಕಡೆ ಕೂತಿರಿ, ಯಾವಾಗ ಏನು ಕಂಡಿತು, ಸೆಕೆಂಡ್ ಕ್ಲಾಸಿನ ಕಿಟಕಿ ತೆಗೆಯಲು ಬರುತ್ತದೋ ಇಲ್ಲವೋ. ಶನಿವಾರ ಗೌರಮ್ಮನೂ ಬಂದು ಕೂರುತ್ತಿದ್ದರು. ಅವರ ಪ್ರಶ್ನೆಗಳ ಮುಂದೆ ಸುಳ್ಳು ಸೀನರಿ ನಿಲ್ಲುತ್ತಿರಲಿಲ್ಲ. ಗಾಜಿನ ಛಾವಣಿಯ ಬೋಗಿ ಅಂದರೇನೆಂದು ಹೆದರುವವರಿಗೆ ಅವರೇ ಬಿಡಿಸಿ ಹೇಳಿ, ಅಷ್ಟೆಲ್ಲ ಖರ್ಚು ಬೇಡ ಅನ್ನುವವರನ್ನು ಕೊಂಕಣದ ಹಗಲು ಗಾಡಿಗೆ ಹತ್ತಿಸುತ್ತಿದ್ದರು. ಬನಶಂಕರಿ, ಬಿಳೇಕಹಳ್ಳಿಯಿಂದೆಲ್ಲ ಜನ ಬಂದು ಕೇಳಿಕೊಂಡು ಹೋಗಿ, ಟಿಕೆಟ್ ಮಾತ್ರ ಬೇರೆ ಕಡೆ ಮಾಡಿಸುತ್ತಿದ್ದರು. ಶಾಮಣ್ಣನವರು ಗೊಣಗುತ್ತಿದ್ದರು. ಆದರೆ ರಿಜಿಸ್ಟರನ್ನು ರಾತ್ರಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದವರೂ ಅವರೇ.

೨೦೦೪ರಲ್ಲಿ ಶಾಮಣ್ಣನವರು ಸೇತುರಾಮನನ್ನು ಒಂದು ಗುಂಪಿನ ಜೊತೆ ಸ್ವಿಟ್ಜರ್ಲೆಂಡಿಗೆ ಕಳಿಸಿದರು. ಹೊರಡುವ ಮುನ್ನ ಗೌರಮ್ಮ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ, ಎಲ್ಲಿ ಯಾವ ಕಡೆ ಏನು ಕಾಣುತ್ತದೆ ಎಂಬ ಹನ್ನೊಂದು ಪ್ರಶ್ನೆಗಳ ಪಟ್ಟಿ ಕೊಟ್ಟರು. ಶಂಭುಲಿಂಗಪ್ಪ ತಾವು ಎಡಗಡೆಯಿಂದ ಕಂಡಿದ್ದ ಆ ತಡೆಗೋಡೆಯ ಫೋಟೋ ಬೇಕೆಂದರು.

ಸೇತುರಾಮ ಫೋಟೋ ತಂದ. ಒಂಬತ್ತು ಪ್ರಶ್ನೆಗಳಿಗೆ ಉತ್ತರವನ್ನೂ ತಂದ. ಮಿಕ್ಕ ಎರಡರ ಜಾಗ ಬಂದಾಗ ರೈಲಿನಲ್ಲಿ ಬಿಸಿ ಆಲೂಗೆಡ್ಡೆ ಬಡಿಸುತ್ತಿದ್ದರು, ಅವನು ಅದಕ್ಕೆ ಚಟ್ನಿಪುಡಿ ಬೆರೆಸುತ್ತಿದ್ದ. ಗೌರಮ್ಮ ರಿಜಿಸ್ಟರಿನ ಆ ಎರಡು ಸಾಲಿನಲ್ಲಿ ತಮ್ಮ ಕೈಯಾರೆ 'ಸೇತುರಾಮ ಉಣ್ಣಾಕತ್ತಿದ್ದರು' ಎಂದು ಬರೆದರು. ಮರುವರ್ಷ ಬಿಟಿಎಂ ಲೇಔಟಿನ ದಂಪತಿ ಹೋಗಿಬಂದು ಉತ್ತರ ಹೇಳುವವರೆಗೆ ಅದು ಹಾಗೇ ಇತ್ತು.